ಪರಿಚಯಪತ್ರದ ಹಿಂಬದಿ

ನೋರಾ ವಿಟ್ಕೊ ಇತ್ತೀಚೆಗೆ ತನ್ನ ಮೇಜಿನ ಮೇಲಿನ ಬಟ್ಟಲಿನಿಂದ ಪೆಪ್ಪರ್‌ಮಿಂಟು ಎತ್ತಿಕೊಳ್ಳುವುದಿಲ್ಲ ಎಂಬುದು ಮಕ್ಕಳ ಕಾಲೇಜು ಅರ್ಜಿಗಳನ್ನು ನೋಡಿಕೊಳ್ಳುವ ಕೌನ್ಸೆಲರ್ ಲೊರೇನ್ ಪೆಟ್ರಿಗೆ ಹೊಳೆದದ್ದು ಆ ಬೆಳಿಗ್ಗೆ, ಹುಡುಗಿ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋದ ಮೇಲೆ. ಮೊದಲೆಲ್ಲ ಒಳಗೆ ಬಂದವಳೇ ಬಟ್ಟಲಿಗೆ ಕೈ ಹಾಕಿ, ಒಂದು ಬಾಯಿಗೆ, ಒಂದು ಜೇಬಿಗೆ ಇಳಿಸಿ ಆಮೇಲೆ ಮಾತು ಶುರುಮಾಡುತ್ತಿದ್ದಳು. ಇವತ್ತು ಹೊಸಿಲು ದಾಟಲಿಲ್ಲ. "ಮಿಸೆಸ್ ಪೆಟ್ರಿ, ನಿಮ್ಮ ಕಡೆ ಫಾರಂ ನಾಳೆ ಒಳಗೆ ಹೋಗ್ಬೇಕು. ನೆನಪಿಸೋಣ ಅಂತ ಬಂದೆ," ಎಂದಳು. "ಇವತ್ತೇ ಕಳಿಸ್ತೀನಿ ಪುಟ್ಟಾ. ನಿಂದು ಆಯ್ತಾ? ನಾವು ಮಾತಾಡ್ಕೊಂಡ ಹಾಗೇ ತಾನೆ?" ಎಂದು ಕೇಳಿದರೆ, "ನಂದು ಕಳಿಸಿ ಒಂದು ವಾರ ಆಯ್ತು," ಎಂದಷ್ಟೇ ಹೇಳಿ ಹೊರಟುಹೋದಳು. ಮಿಸೆಸ್ ಪೆಟ್ರಿ! ಇಡೀ ಶಾಲೆಗೆ ಲೊರೇನ್ ಬರೀ 'ಮಿಸೆಸ್ ಪಿ'. ಹನ್ನೆರಡನೇ ತರಗತಿಯ ಮಕ್ಕಳಿಗೆ ಅಕ್ಟೋಬರಿನಲ್ಲಿ ಹೀಗೆ ಬಿಗುಮಾನ ಹತ್ತುವುದುಂಟು, ಕಾಲೇಜಿನ ಅರ್ಜಿ ಎಂದರೆ ತಲೆಯ ಮೇಲೆ ಬಂಡೆ ಹೊತ್ತ ಹಾಗೆ ಆಡುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು. ಹತ್ತೊಂಬತ್ತು ವರ್ಷ ಇಂಥ ಮಕ್ಕಳನ್ನು ದಾಟಿಸಿದವಳಿಗೆ ಇಷ್ಟೂ ಗೊತ್ತಾಗದೇ?

ಜೊತೆಗೆ ಅವತ್ತು ಯಾರ ಮುಖವನ್ನಾದರೂ ಗಂಭೀರವಾಗಿ ನೋಡುವ ಹಾಗೆ ಇರಲಿಲ್ಲ. ಹೋಮ್‌ಕಮಿಂಗ್ ವಾರದ, ದಿನಕ್ಕೊಂದು ವೇಷ ಹಾಕುವ ಶಾಲಾಹಬ್ಬದ, ಮೂರನೇ ದಿನ. ಇಡೀ ಮಾರ್ಷ್ ಹಾಲೋ ಹೈಸ್ಕೂಲು ಮಲಗುವ ಬಟ್ಟೆಯಲ್ಲೇ ಬಂದಿತ್ತು. ಹುಡುಗರು ಕಂಬಳಿ ಹೊದ್ದು ಕಾರಿಡಾರಿನಲ್ಲಿ ಓಡಾಡುತ್ತಿದ್ದರು, ಗಣಿತದ ಮೇಷ್ಟ್ರು ತಲೆಗೆ ಕುಚ್ಚಿನ ಟೊಪ್ಪಿ ಏರಿಸಿದ್ದರು, ಹೊರಗಿನ ಕೋಣೆಯಲ್ಲಿ ಕೂರುವ ಗುಮಾಸ್ತೆ ಬೆವ್ ತಲೆಯ ತುಂಬ ಕೂದಲು ಸುತ್ತುವ ಪ್ಲಾಸ್ಟಿಕ್ಕಿನ ಸುರುಳಿಗಳನ್ನು ಸಿಕ್ಕಿಸಿಕೊಂಡೇ ಫೋನು ಎತ್ತುತ್ತಿದ್ದಳು. ಲೊರೇನ್ ಹಾಕಿಕೊಂಡದ್ದು ಮೈತುಂಬ ಕಡವೆಗಳ ಚಿತ್ರವಿದ್ದ ಕೆಂಪು ಫ್ಲಾನೆಲ್ ಪೈಜಾಮ. ಮನೆಯ ಕನ್ನಡಿಯಲ್ಲಿ ತಮಾಷೆಯಾಗಿ ಕಂಡದ್ದು ಇಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಐವತ್ತನಾಲ್ಕು ವರ್ಷದ ಹೊಟ್ಟೆಯ ಮೇಲೆ, ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವರ ಬಟ್ಟೆಯ ಹಾಗಿತ್ತು. "ಚೆನ್ನಾಗಿದೆ ಕಣೇ, ಕಡವೆಗಳು ಒಂದಕ್ಕಿಂತ ಒಂದು ದಪ್ಪಗಿವೆ," ಎಂದು ಬೆವ್ ಅಣಕಿಸಿದ್ದಳು. ನೋರಾ ಮಾತ್ರ ಎಂದಿನ ಜೀನ್ಸು, ಬೂದು ಸ್ವೆಟರಿನಲ್ಲಿ ಬಂದಿದ್ದಳು ಎಂಬುದೂ ಈಗ ನೆನಪಾಗಿ, ತನ್ನ ತೋಳಿನ ಕಡವೆಯೊಂದರ ಮೂತಿಯನ್ನು ಲೊರೇನ್ ಸುಮ್ಮನೆ ಉಜ್ಜಿದಳು.

ನೋರಾಳ ಅರ್ಜಿಗೆ ಶಾಲೆಯ ಕಡೆಯಿಂದ ಹೋಗಬೇಕಾದ ಫಾರಂ ಅನ್ನು ಕಂಪ್ಯೂಟರಿನಲ್ಲಿ ತೆರೆದಳು. ಎಲ್ಲ ತುಂಬಿಯಾಗಿತ್ತು, ಹುಡುಗಿಯನ್ನು ಹೊಗಳುವ ಪತ್ರವನ್ನೂ ಸೆಪ್ಟೆಂಬರಿನಲ್ಲೇ ಬರೆದಿಟ್ಟಿದ್ದಳು, ಒಳ್ಳೆಯ ಪತ್ರ, ಮನಸ್ಸಿಟ್ಟು ಬರೆದದ್ದು. ಉಳಿದದ್ದು ಒಂದೇ ಪ್ರಶ್ನೆ: ಈ ವಿದ್ಯಾರ್ಥಿಯ ಮೇಲೆ ಶಾಲೆ ಎಂದಾದರೂ ಶಿಸ್ತಿನ ಕ್ರಮ ಕೈಗೊಂಡಿದೆಯೇ? ಅದರ ಕೆಳಗೆ ಮೂರು ಚೌಕ. ಹೌದು. ಇಲ್ಲ. ಶಾಲೆಯ ನಿಯಮದ ಪ್ರಕಾರ ಉತ್ತರಿಸುವಂತಿಲ್ಲ. ಹನ್ನೊಂದು ವರ್ಷದಿಂದ ಎಲ್ಲ ಮಕ್ಕಳಿಗೂ, ದೇವರಂಥವರಿಗೂ ಪುಂಡರಿಗೂ ಭೇದವಿಲ್ಲದೆ, ಲೊರೇನ್ ಮೂರನೆಯ ಚೌಕವನ್ನೇ ಗುರುತು ಮಾಡುತ್ತ ಬಂದಿದ್ದಳು. ಈ ಕಾಲೇಜಿನವರದು ಸ್ವಲ್ಪ ತಲೆಹರಟೆ. ಮೂರನೆಯದನ್ನು ಆರಿಸಿದರೆ ನಿಯಮದ ಮಾತುಗಳನ್ನು, ಪ್ರತಿ ಅರ್ಜಿಯ ಜೊತೆ ಹೋಗುವ ಶಾಲೆಯ ಪರಿಚಯಪತ್ರದಿಂದ ಇದ್ದ ಹಾಗೇ ಬರೆಯಿರಿ ಎಂದು ಕೇಳುತ್ತಾರೆ. ಮಾತು ಅವಳಿಗೆ ಬಾಯಿಪಾಠ. ಆದರೂ ಒಂದು ಅಲ್ಪವಿರಾಮ ಹೆಚ್ಚುಕಮ್ಮಿಯಾಗಬಾರದೆಂದು ಪರಿಚಯಪತ್ರದ ಕಟ್ಟಿನಿಂದ ಒಂದು ಹಾಳೆ ಎಳೆದು ಹಿಂಬದಿಗೆ ತಿರುಗಿಸಿದಳು.

ಅಲ್ಲಿದ್ದ ಕೊನೆಯ ಸಾಲು ಅವಳ ಬಾಯಿಪಾಠದ ಸಾಲಾಗಿರಲಿಲ್ಲ. ಅವಳು ಬೇರೆ ಶಾಲೆಯ ಕಾಗದ ಎಳೆದೆನೇ ಎಂದು ಮುಂಬದಿ ನೋಡಿದಳು. ತನ್ನ ಶಾಲೆಯದೇ. ಒಂದು ಸಾವಿರದ ನಾನೂರ ಹನ್ನೆರಡು ಮಕ್ಕಳು, ನೂರಕ್ಕೆ ಎಂಬತ್ತೊಂದು ಮಂದಿ ನಾಲ್ಕು ವರ್ಷದ ಕಾಲೇಜಿಗೆ, ಇಪ್ಪತ್ತೆರಡು ಮೇಲ್ಮಟ್ಟದ ವಿಷಯಗಳು, ಕ್ಲೀವ್‌ಲೆಂಡಿನಿಂದ ಅರ್ಧ ಗಂಟೆ ದೂರದ ನೆಮ್ಮದಿಯ ಊರು, ಮಕ್ಕಳಿಗೆ ರ‍್ಯಾಂಕು ಕೊಡುವ ಪದ್ಧತಿ ಇಲ್ಲ. ಎಲ್ಲ ತಾನೇ ಬರೆದದ್ದು. ಮತ್ತೆ ಹಿಂಬದಿ. "ವಿದ್ಯಾರ್ಥಿಗಳ ಮೇಲೆ ಕೈಗೊಂಡ ಶಿಸ್ತಿನ ಕ್ರಮಗಳನ್ನು ಕಾಲೇಜುಗಳಿಗೆ ಪ್ರಾಮಾಣಿಕವಾಗಿ, ಪೂರ್ಣವಾಗಿ ತಿಳಿಸುವುದು ಮಾರ್ಷ್ ಹಾಲೋ ಶಾಲೆಯ ಸಂಪ್ರದಾಯ." ಅದರ ಕೆಳಗೆ: ವಿವರಗಳಿಗೆ ಸಂಪರ್ಕಿಸಿ, ಲೊರೇನ್ ಪೆಟ್ರಿ, ಹಿರಿಯ ಕೌನ್ಸೆಲರ್. ಸಂಪ್ರದಾಯವಂತೆ! ಯಾವತ್ತಿನಿಂದ? ಆಗಸ್ಟಿನಲ್ಲಿ ಇದರ ಕರಡು ಬಂದಾಗ ಅವಳು ತಂಗಿಯ ಮನೆಯ ಜಗಲಿಯಲ್ಲಿ ಕೂತಿದ್ದಳು, ಎದುರಿಗೆ ಸರೋವರ, ಕೈಯಲ್ಲಿ ಜೋಳದ ತೆನೆ. ಪ್ರತಿವರ್ಷದ ಹಾಗೆ ಅಂಕಿಗಳನ್ನು ಮಾತ್ರ ಬೆರಳಿಟ್ಟು ನೋಡಿದ್ದಳು. ಸಾಲುಗಳನ್ನು ಓದುವುದೇನು, ತಾನೇ ಬರೆದ ಸಾಲುಗಳು. ಬೆಣ್ಣೆ ಮೆತ್ತಿದ ಬೆರಳಿನಿಂದಲೇ ಪ್ರಿನ್ಸಿಪಾಲ ಗ್ಲೆನ್‌ಗೆ ಉತ್ತರ ಕಳಿಸಿದ್ದಳು: ಎಲ್ಲಾ ಸರಿ ಇದೆ.

ನೋರಾ ಹತ್ತನೇ ತರಗತಿಯಲ್ಲಿದ್ದಾಗ ಕೆಮಿಸ್ಟ್ರಿ ಪರೀಕ್ಷೆಯ ಉತ್ತರದ ಹಾಳೆಯ ಫೋಟೋ ತೆಗೆದು ನಾಲ್ಕು ಗೆಳತಿಯರಿಗೆ ಕಳಿಸಿದ್ದಳು. ಯಾರು ತೆಗೆದದ್ದೆಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಪರೀಕ್ಷೆ ಮತ್ತೆ ಮಾಡಿಸಿ ಎಲ್ಲರೂ ಮರೆತುಬಿಡುತ್ತಿದ್ದರು. ಆದರೆ ನೋರಾ ತಾನಾಗಿ ಇದೇ ಕುರ್ಚಿಗೆ ಬಂದು ಕೂತು, ಮಿಂಟಿನ ಕಾಗದವನ್ನು ಮಡಚಿ ಮಡಚಿ ಅಕ್ಕಿಕಾಳಷ್ಟು ಮಾಡುತ್ತ, "ಮಿಸೆಸ್ ಪಿ, ಒಬ್ರು ಏನೋ ಮಾಡಿ, ಹೇಳ್ದೆ ಇದ್ದುಬಿಟ್ರೆ ಏನಾಗುತ್ತೆ?" ಎಂದು ಕೇಳಿದ್ದಳು. ಆಗ ಲೊರೇನ್ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಹುಡುಗಿಯ ಪಕ್ಕ ಕೂತಳು. ಹೇಳಿಬಿಡು, ಹಗುರ ಆಗುತ್ತೆ. ಬೇರೆಯವರ ಹೆಸರು ಬೇಡ, ನಿಂದು ಮಾತ್ರ ಹೇಳು. ಮೂರು ದಿನ ಮನೇಲಿರ್ತೀಯ, ಅಲ್ಲಿಗೆ ಮುಗೀತು, ಈ ಗೋಡೆ ದಾಟಿ ಒಂದಕ್ಷರ ಹೋಗಲ್ಲ, ನಮ್ಮ ಶಾಲೆ ನಿಯಮ ಅದು. ಆಮೇಲೆ ಇಬ್ಬರೂ ಗ್ಲೆನ್‌ನ ಕೋಣೆಗೆ ಹೋದದ್ದು, ಹುಡುಗಿ ತನ್ನ ಕೈಯಾರೆ ತಪ್ಪೊಪ್ಪಿಗೆ ಬರೆದದ್ದು, ಅವಳು ಬರೆಯುವಷ್ಟು ಹೊತ್ತೂ ಲೊರೇನ್ ಪಕ್ಕದಲ್ಲಿ ಕೂತಿದ್ದದ್ದು. ಅವಳ ಬೆನ್ನ ಮೇಲೆ ಕೈ ಇಟ್ಟಿದ್ದೆನೇ? ಇಟ್ಟಿದ್ದೆ. ಬಾಯಿ ಬಿಡದ ಆ ನಾಲ್ಕು ಹುಡುಗಿಯರು ಇವತ್ತು ಮೊಲದ ಕಿವಿ ಕಟ್ಟಿಕೊಂಡು ಕಾರಿಡಾರಿನಲ್ಲಿ ಕೇಕೆ ಹಾಕುತ್ತಿದ್ದಾರೆ, ಅವರ ಕಡತಗಳು ತೊಳೆದಿಟ್ಟ ತಟ್ಟೆಯ ಹಾಗಿವೆ. ಮತ್ತೆ ಈ ಜೂನಿನಲ್ಲಿ, ಅರ್ಜಿಯ ಮಾತು ಬಂದಾಗ, ಇದೇ ಪ್ರಶ್ನೆ ನಿನ್ನ ಫಾರಂನಲ್ಲೂ ಇರುತ್ತೆ, ಇಲ್ಲ ಅಂತ ಬರಿ, ಏನೂ ಆಗಲ್ಲ ಎಂದದ್ದೂ ಇದೇ ಬಾಯಿ. ನಿಜ ಹೇಳಿಸಿದ ಬಾಯಿಯೇ ಸುಳ್ಳನ್ನೂ ಕಲಿಸಿತ್ತು, ಕಲಿಸುವಾಗ ಒಂದಿಷ್ಟೂ ತಡವರಿಸಿರಲಿಲ್ಲ. ಈಗ ತಾನು 'ಹೌದು' ಎಂದರೆ ಹುಡುಗಿ ಬರೀ ತಪ್ಪು ಮಾಡಿದವಳಲ್ಲ, ಕಾಲೇಜಿಗೇ ಸುಳ್ಳು ಬರೆದವಳಾಗುತ್ತಾಳೆ. ಅರ್ಜಿ ನೇರ ಕಸದಬುಟ್ಟಿಗೆ.

ಗ್ಲೆನ್ ರಡಕ್‌ನ ಕೋಣೆಗೆ ಹೋಗುವಾಗ ಕಾಲಿನ ಉಣ್ಣೆಯ ಚಪ್ಪಲಿ ನೆಲದ ಮೇಲೆ ಪರಪರ ಸದ್ದು ಮಾಡಿತು. ಜಗಳಕ್ಕೆ ಹೊರಟವಳ ಕಾಲಿನಲ್ಲಿ ಇಂಥ ಚಪ್ಪಲಿ ಇರಬಾರದಿತ್ತು. ಗ್ಲೆನ್ ಶಾಲೆಯ ಬಣ್ಣದ ನಿಲುವಂಗಿ ತೊಟ್ಟು, ಸೊಂಟದ ಪಟ್ಟಿಗೆ ವಾಕಿಟಾಕಿ ಸಿಕ್ಕಿಸಿ, ಕಾಲಿಗೆ ಮೊಲದ ಮುಖದ ಚಪ್ಪಲಿ ಹಾಕಿಕೊಂಡು, ಜಿಮ್ಮಿನಲ್ಲಿ ನಡೆಯಲಿರುವ ಸಭೆಗೆ ಭಾಷಣದ ಚೀಟಿ ಬರೆಯುತ್ತಿದ್ದ.

"ಓಹೋ, ಬಾ ಬಾ! ಇಡೀ ಕಾಡನ್ನೇ ಮೈಮೇಲೆ ಹಾಕ್ಕೊಂಡು ಬಂದಿದೀಯಲ್ಲೇ!"

ಅವಳು ಹಾಳೆಯನ್ನು ಮೇಜಿನ ಮೇಲೆ ಹಿಂಬದಿ ಮೇಲಾಗಿ ಇಟ್ಟಳು. "ಇದೇನೋ ಇದು?"

ಅವನು ನೋಡಿದ. ನೋಡಿದವನು ಚೀಟಿಗೆ ಮುಚ್ಚಳ ಹಾಕುವ ಹಾಗೆ ಅಂಗೈ ಇಟ್ಟ. "ಓ, ಅದಾ. ಬೇಸಿಗೇಲಿ ಸ್ಕೂಲ್ ಬೋರ್ಡಿನವರು ತೀರ್ಮಾನ ಮಾಡಿದ್ರು. ಸುತ್ತಮುತ್ತಲಿನ ಶಾಲೆಗಳೆಲ್ಲ ಹೇಳ್ತವೆ, ನಾವೊಬ್ರೇ ಮುಚ್ಚಿಟ್ರೆ ಕಾಲೇಜಿನವ್ರಿಗೆ ನಮ್ಮ ಎಲ್ಲಾ ಮಕ್ಕಳ ಮೇಲೂ ಅನುಮಾನ ಬರುತ್ತೆ ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಕಳಿಸಿದ್ನಲ್ಲ ಆಗಸ್ಟಲ್ಲಿ! ಎಲ್ಲಾ ಸರಿ ಇದೆ ಅಂತ ನೀನೇ ಬರೆದಿದೀಯ. ತೋರಿಸ್ಲಾ?"

"ಬದಲಾಯ್ಸಿದೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಮತ್ತೆ?" ಎಂದ ಗ್ಲೆನ್, ಅದಕ್ಕಿಂತ ಸರಳವಾದ ಲೆಕ್ಕ ಪ್ರಪಂಚದಲ್ಲಿ ಇಲ್ಲವೆಂಬಂತೆ.

ಅವಳಿಗೆ ಅಳು ಬಂತು, ಬರಬಾರದಿತ್ತು. ಆ ಹಳೆಯ ಸಾಲನ್ನು ಹನ್ನೊಂದು ವರ್ಷದ ಹಿಂದೆ ಇವರಿಬ್ಬರೂ ಸೇರಿ ಬರೆದದ್ದು. ಸಿಗರೇಟು ಸೇದಿ ಸಿಕ್ಕಿಬಿದ್ದ ಒಬ್ಬ ಹುಡುಗನನ್ನು ಕಾಲೇಜಿನವರು ಬೇಡವೆಂದಾಗ, ಮಕ್ಕಳ ಹದಿನೈದನೇ ವರ್ಷವನ್ನು ಅವರ ಕುತ್ತಿಗೆಗೆ ಕಟ್ಟಿ ಕಳಿಸಬಾರದು ಎಂದು ಬೋರ್ಡಿನ ಮುಂದೆ ಮೇಜು ಕುಟ್ಟಿ ಮಾತಾಡಿದವನು ಇವನೇ, ಆಗ ಇನ್ನೂ ಚರಿತ್ರೆಯ ಮೇಷ್ಟ್ರು. ಗೆದ್ದ ದಿನ ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ದೋಸೆಯಷ್ಟಗಲದ ಪ್ಯಾನ್‌ಕೇಕು ತಿನ್ನುತ್ತ ಕಾಗದದ ಕರವಸ್ತ್ರದ ಮೇಲೆ ಆ ಸಾಲು ಬರೆದದ್ದು. ಲೊರೇನ್‌ಳ ಗಂಡ ರೇ ಸತ್ತ ವರ್ಷ, ಡಿಸೆಂಬರಿನಿಂದ ಮಾರ್ಚಿನವರೆಗೆ, ಇವನು ಯಾರೂ ಹೇಳದೆ ಪ್ರತಿ ಬೆಳಿಗ್ಗೆ ಅವಳ ಮನೆಯ ಮುಂದಿನ ಹಿಮ ತೆಗೆದು, ಬಾಗಿಲು ತಟ್ಟದೆ ಹೋಗಿಬಿಡುತ್ತಿದ್ದ. ಸಲಿಕೆಯ ಸದ್ದಿಗೆ ಎಚ್ಚರವಾಗಿ ಅವಳು ಹಾಸಿಗೆಯಲ್ಲೇ ಮಲಗಿ ಕೇಳುತ್ತಿದ್ದಳು. ಈಗ ಸಿಟ್ಟು ಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ಆ ಸದ್ದು ನೆನಪಾಗಬೇಕೇ, ಥೂ.

"ನೋರಾ ವಿಟ್ಕೊಗೆ ನಾವು ಮಾತು ಕೊಟ್ಟಿದ್ವಿ ಗ್ಲೆನ್. ಇದೇ ಕೋಣೇಲಿ."

"ನಾವಲ್ಲ ಲೊರೇನ್, ನೀನು ಕೊಟ್ಟೆ. ನಾನು ತಲೆ ಆಡಿಸಿದೆ, ಅಷ್ಟೆ."

"ಎಂಥಾ ಮಾತಾಡ್ತಿದೀಯೋ! ಆ ಹುಡುಗಿ ನಿನ್ನ ತಲೆ ನೋಡಿಕೊಂಡೇ ಅಲ್ವೇನೋ ಬರೆದು ಕೊಟ್ಟಿದ್ದು?"

"ನೋಡು, ನಂಗೂ ಬೇಜಾರಿದೆ. ಆದ್ರೆ ಒಂದು ಮಗೂಗೋಸ್ಕರ ಸಾವಿರದ ನಾನೂರು ಮಕ್ಕಳ ಹೆಸರು..." ವಾಕಿಟಾಕಿ ಗೊರಗೊರ ಎಂದಿತು; ಬ್ಯಾಂಡಿನವರು ಜಿಮ್ಮಿಗೆ ಬಂದಾಗಿದೆಯಂತೆ. ಅವನು ಎದ್ದ. ಬಾಗಿಲ ಬಳಿ ನಿಂತು ಅವಳ ಭುಜ ತಟ್ಟಿದ. "ಹೌದು ಅಂತ ಬರೆದು, ಹುಡುಗಿ ಒಳ್ಳೆಯವಳು ಅಂತ ಕೆಳಗೆ ಎರಡು ಸಾಲು ಸೇರ್ಸು. ನಿನ್ನಷ್ಟು ಚೆನ್ನಾಗಿ ಯಾರು ಬರೀತಾರೆ ಹೇಳು?" ಮೊಲದ ಕಿವಿಗಳನ್ನು ಅಲ್ಲಾಡಿಸುತ್ತ ಕಾರಿಡಾರಿನಲ್ಲಿ ಹೋದ. ಮಕ್ಕಳು ಕೂಗಿ ಚಪ್ಪಾಳೆ ತಟ್ಟಿದರು. ಅವನು ಹೊಗಳಿದ್ದರಿಂದ ಒಂದು ಕ್ಷಣ ಒಳಗೆಲ್ಲೋ ಹಿತವಾಯಿತಲ್ಲ, ಅದಕ್ಕೆ ಲೊರೇನ್ ತನ್ನನ್ನೇ ಶಪಿಸಿಕೊಂಡಳು.

ಕೈ ಕೊಟ್ಟುಬಿಟ್ಟ. ಇಪ್ಪತ್ತು ವರ್ಷದ ಸ್ನೇಹಿತ, ಕಣ್ಣೆದುರಿಗೇ ಕೈ ಕೊಟ್ಟು, ಅದಕ್ಕೆ ನನ್ನ ಸಹಿಯನ್ನೂ ಹಾಕಿಸಿಕೊಂಡುಬಿಟ್ಟ. ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಜಿಮ್ಮಿನ ಕಡೆಯಿಂದ ನಗಾರಿಯ ಪೆಟ್ಟು ಗೋಡೆಯೊಳಗಿಂದಲೇ ಬರುತ್ತಿತ್ತು. ಹಳೆಯ ಪರಿಚಯಪತ್ರವನ್ನೇ ಸೇರಿಸಿ ಕಳಿಸಿದರೆ? ಹೊಸದು ಸೆಪ್ಟೆಂಬರಿನಿಂದ ಶಾಲೆಯ ಜಾಲತಾಣದಲ್ಲಿದೆ, ಮಂಗ ಕೂಡ ಕಂಡುಹಿಡಿಯುತ್ತದೆ. ಮೂರನೆಯ ಚೌಕ ಸತ್ತಿತ್ತು. ಮೊದಲನೆಯದು ಹುಡುಗಿಯನ್ನು ಕೊಲ್ಲುತ್ತದೆ. ಉಳಿದದ್ದು ಎರಡನೆಯದು. ಇಲ್ಲ. ಯಾವ ಕ್ರಮವನ್ನೂ ಕೈಗೊಂಡಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಫಾರಂನಲ್ಲಿ ಸುಳ್ಳು ಬರೆದವಳಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಹೆಸರೂ ಹೋಗುತ್ತದೆ, ಕಾಲೇಜಿನವರು ಇನ್ನು ಮಾರ್ಷ್ ಹಾಲೋದ ಲೊರೇನ್ ಪೆಟ್ರಿಯ ಒಂದು ಪತ್ರವನ್ನೂ ನಂಬುವುದಿಲ್ಲ. ಹೋಗಲಿ! ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಒಬ್ಬಳಾದರೂ ಈ ಕಟ್ಟಡದಲ್ಲಿ ಇದ್ದಾಳೆ ಎಂದು ಆಗಲಿ. 'ಇಲ್ಲ' ಒತ್ತಿದಳು, ಕಳಿಸಿದಳು. ಪರದೆಯ ಮೇಲೆ ಹಸಿರು ಗುರುತು ಮೂಡಿತು. ಎಷ್ಟು ವರ್ಷದ ಮೇಲೆ ಇಷ್ಟು ಧೈರ್ಯ ಬಂತು ಎಂದು ಎದೆ ಉಬ್ಬಿತು. ಗ್ಲೆನ್‌ನ ಮುಖಕ್ಕೆ ಹೊಡೆದ ಹಾಗಾಯಿತು, ಅವನಿಗೆ ಗೊತ್ತಾಗದಿದ್ದರೂ.

ಹುಡುಗಿಗೆ ಹೇಳಬೇಕು. ಎಲ್ಲಾದರೂ ಹೊಸ ಪರಿಚಯಪತ್ರವನ್ನು ನೋಡಿ ಹೆದರಿಯಾಳು, ನಾನಿದ್ದೇನೆ ಎಂದು ಹೇಳಬೇಕು. ಸಭೆಯಿಂದ ಕರೆತರಲು ಬೆವ್‌ಗೆ ಚೀಟಿ ಕೊಟ್ಟಳು. "ಜಿಮ್ಮಲ್ಲಿ ಹುಡುಕೋದು ಬೇಡ ಕಣೇ, ಲೈಬ್ರರೀಲಿ ಒಬ್ಳೇ ಕೂತಿದಾಳೆ," ಎಂದಳು ಬೆವ್. "ಒಂದು ತಿಂಗಳಿಂದ ಅಲ್ಲೇ ಠಿಕಾಣಿ. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ.

ನೋರಾ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಲೊರೇನ್ ಮಿಂಟಿನ ಬಟ್ಟಲನ್ನು ಮುಂದಕ್ಕೆ ತಳ್ಳಿದಳು, ಹುಡುಗಿ "ಬೇಡ, ಥ್ಯಾಂಕ್ಸ್," ಎಂದಳು. ಲೊರೇನ್ ಎದ್ದು ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಪಕ್ಕದಲ್ಲಿ ಕೂತು, ಪರಿಚಯಪತ್ರದ ಹಿಂಬದಿಯನ್ನು ತೋರಿಸಿದಳು. ಇದು ನನಗೆ ಗೊತ್ತಿಲ್ಲದೆ ಆದದ್ದು, ಇವತ್ತು ಬೆಳಿಗ್ಗೆ ನೋಡಿದೆ, ನೀನೇನೂ ಹೆದರಬೇಡ, ನಾನು ನೋಡಿಕೊಂಡಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದಳು.

"ಇದನ್ನ ನಾನು ನೋಡಿದೀನಿ," ಎಂದಳು ನೋರಾ. "ಸೆಪ್ಟೆಂಬರಲ್ಲೇ. ಶಾಲೆ ಸೈಟಿಗೆ ಹಾಕಿದ ದಿನ."

"ಸೆಪ್ಟೆಂಬರಲ್ಲಾ?"

"ಕೆಳಗೆ ನಿಮ್ಮ ಹೆಸರಿತ್ತಲ್ಲ. ಪ್ರತಿವರ್ಷ ನೀವೇ ಬರೆಯೋದು ಅಂತ ನೀವೇ ಹೇಳಿದ್ರಿ."

ಆರು ವಾರ. ಆರು ವಾರ ಈ ಮಗು ಕಾರಿಡಾರಿನಲ್ಲಿ ಎದುರಾಗಿ, ತಲೆ ತಗ್ಗಿಸಿ, ಮಿಸೆಸ್ ಪೆಟ್ರಿ ಎಂದು ಹಾದುಹೋಗಿದೆ. ಆರು ವಾರ ನಾನು ಅದಕ್ಕೆ ಕೈಬೀಸಿ ನಕ್ಕಿದ್ದೇನೆ. "ಅಯ್ಯೋ ಪುಟ್ಟಾ, ನಾನು ಬರೀಲಿಲ್ಲ ಕಣೇ ಅದನ್ನ. ಬಂದು ಒಂದು ಮಾತು ಕೇಳಬಾರದಿತ್ತಾ?"

"ಹೋದ ಸಲ ನಿಮ್ಮನ್ನ ಕೇಳೋಕೆ ಬಂದಾಗ ಕಾಗದದಲ್ಲಿ ಬರೆಸ್ಕೊಂಡ್ರಿ," ಎಂದಳು ನೋರಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅದಕ್ಕೆ ಈ ಸಲ ಯಾರನ್ನೂ ಕೇಳ್ಲಿಲ್ಲ. ಹೌದು ಅಂತ ಹಾಕಿದೆ. ನಾನು ಏನ್ ಮಾಡಿದ್ದೆ, ಯಾಕೆ ಮಾಡಿದ್ದೆ, ಎಲ್ಲಾ ಬರೆದೆ. ನಾಲ್ಕು ಸಲ ಬರೆದು ಹರಿದು ಬರೆದೆ. ಅಜ್ಜಿ ಓದಿ, ಚೆನ್ನಾಗಿದೆ, ಇದ್ದದ್ದನ್ನ ಇದ್ದ ಹಾಗೆ ಹೇಳಿದೀಯ ಅಂದ್ರು."

ನಗಾರಿ ನಿಂತಿತ್ತು. ಗೋಡೆಯಾಚೆ ಗ್ಲೆನ್‌ನ ದನಿ ಧ್ವನಿವರ್ಧಕದಲ್ಲಿ ಏನೋ ಕೇಳುತ್ತಿತ್ತು, ಸಾವಿರ ಗಂಟಲು ಒಟ್ಟಿಗೆ ಉತ್ತರ ಕೊಡುತ್ತಿತ್ತು. ಲೊರೇನ್ ಪರದೆಯ ಮೇಲಿನ ಹಸಿರು ಗುರುತನ್ನು ನೋಡಿದಳು. ಹುಡುಗಿಯೂ ನೋಡಿದಳು, ಬುದ್ಧಿವಂತೆ, ಎಲ್ಲ ಫಾರಂಗಳನ್ನೂ ಬಲ್ಲವಳು.

"ನೀವೇನ್ ಹಾಕಿದ್ರಿ ಮಿಸೆಸ್ ಪೆಟ್ರಿ?"

ತಪ್ಪಿಸಿಕೊಳ್ಳಲು ಏನಾದರೂ ಹೇಳಬಹುದಿತ್ತು. "ಇಲ್ಲ ಅಂತ," ಎಂದಳು ಲೊರೇನ್.

ನೋರಾ ಅದನ್ನು ಅರ್ಥಮಾಡಿಕೊಳ್ಳುತ್ತಿರುವುದು ಮುಖದಲ್ಲೇ ಕಾಣಿಸಿತು. ಮೊದಲು ಹುಬ್ಬು, ಆಮೇಲೆ ಬಾಯಿ. ಈ ಕೋಣೆಗೆ ಬಂದ ಮೇಲೆ ಮೊದಲ ಸಲ ಅವಳ ಕಣ್ಣಲ್ಲಿ ನೀರಾಡಿತು. "ಅಂದ್ರೆ ಈಗ ನಾನು ಹೌದು ಅಂದಿದೀನಿ, ಶಾಲೆ ಇಲ್ಲ ಅಂದಿದೆ. ನಾನೇ ಏನೋ ಕತೆ ಕಟ್ಟಿದೀನಿ ಅಂದ್ಕೋತಾರೆ. ಇಲ್ಲಾ ನೀವು ನಂಗೋಸ್ಕರ ಸುಳ್ಳು ಹೇಳಿದೀರ ಅಂತಾರೆ. ನೀವು ನನ್ನ ಬಗ್ಗೆ ಬರೆದಿರೋ ಪತ್ರ ಇದ್ಯಲ್ಲ, ಅದನ್ನ ಇನ್ಯಾರು ನಂಬ್ತಾರೆ?"

"ನಿನ್ನ ಉಳಿಸೋಣ ಅಂತ..."

"ನಂಗೆ ಗೊತ್ತು," ಎಂದಳು ನೋರಾ. ಎದ್ದು ನಿಂತು ಚೀಲ ಹೆಗಲಿಗೇರಿಸಿದಳು. "ಅವರಿಗೆ ಫೋನ್ ಮಾಡಿ. ಇವತ್ತೇ."

"ಮಾಡ್ತೀನಿ. ಈಗಲೇ ಮಾಡ್ತೀನಿ." ಲೊರೇನ್ ಫೋನಿನ ಮೇಲೆ ಕೈ ಇಟ್ಟು, ಬಾಯಿ ತಪ್ಪಿ ಕೇಳಿಬಿಟ್ಟಳು, ಐವತ್ತನಾಲ್ಕು ವರ್ಷದ ಹೆಂಗಸು ಹದಿನೇಳರ ಹುಡುಗಿಯನ್ನು: "ಸ್ವಲ್ಪ ಹೊತ್ತು ಇಲ್ಲೇ ಇರ್ತೀಯಾ?"

ಹುಡುಗಿ ಪಕ್ಕದ ಕುರ್ಚಿಯನ್ನು ನೋಡಿದಳು. ಅವತ್ತಿನದು ಅವಳಿಗೂ ನೆನಪಾಗಿರಬೇಕು. "ನಂಗೆ ಕ್ಲಾಸಿದೆ," ಎಂದು ಹೇಳಿ, ಹೋಗುವಾಗ ಬಾಗಿಲನ್ನು ಮೆಲ್ಲಗೆ, ಸದ್ದಾಗದ ಹಾಗೆ ಎಳೆದುಕೊಂಡು ಹೋದಳು.

ಫೋನು ಬಹಳ ಹೊತ್ತು ರಿಂಗಾಯಿತು. ಜಿಮ್ಮಿನ ಬಾಗಿಲು ತೆರೆದಿರಬೇಕು, ಮಕ್ಕಳ ಗದ್ದಲ ಕಾರಿಡಾರಿಗೆ ನುಗ್ಗಿತು; ಯಾರೋ ಕಿಟಕಿಯ ಗಾಜು ತಟ್ಟಿ "ಮಿಸೆಸ್ ಪಿ!" ಎಂದು ಕೂಗಿ ಓಡಿದರು. ಆ ಕಡೆಯಿಂದ ಒಂದು ಎಳೆಯ ದನಿ ಹಲೋ ಎಂದಿತು, ಯಾರು, ಯಾವ ಶಾಲೆ ಎಂದು ಕೇಳಿತು. ಲೊರೇನ್ ಹೆಸರು ಹೇಳಿದಳು, ಶಾಲೆ ಹೇಳಿದಳು. ಅರ್ಧ ಗಂಟೆ ಮುಂಚೆ ಕಳಿಸಿದ ಒಂದು ಫಾರಂನಲ್ಲಿ ತಪ್ಪಿದೆ ಎಂದಳು. "ಟೈಪ್ ಮಾಡೋವಾಗ ಆಗಿರೋ ತಪ್ಪಾ ಮೇಡಂ?" ಎಂದು ಆ ದನಿ ದಯೆಯಿಂದಲೇ ಕೇಳಿತು.

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಗ್ಲೆನ್‌ನ ಹೆಸರು ನಾಲಗೆಯ ತುದಿಗೆ ಬಂದು ನಿಂತಿತ್ತು, ನಿಯಮ ಬದಲಾಯಿಸಿ ನನಗೆ ಹೇಳಲಿಲ್ಲ, ಇಪ್ಪತ್ತು ವರ್ಷದ ಸ್ನೇಹಿತ, ನನಗೆ ಮೋಸ ಮಾಡಿದ ಎಂದು ಯಾವುದೋ ಊರಿನ ಆ ಎಳೆಯ ಹುಡುಗಿಯ ಹತ್ತಿರ ಅತ್ತುಬಿಡುವಷ್ಟು ಆಸೆಯಾಯಿತು. ಪಕ್ಕದ ಕುರ್ಚಿ ಖಾಲಿಯಿತ್ತು. ಬೇರೆಯವರ ಹೆಸರು ಬೇಡ, ನಿಂದು ಮಾತ್ರ ಹೇಳು.

"ಅಲ್ಲ," ಎಂದಳು. "ಆ ಹುಡುಗಿ ಬರೆದಿರೋದು ನಿಜ. ನಾನು ಬರೆದಿದ್ದು ಸುಳ್ಳು. ಗೊತ್ತಿದ್ದೇ ಬರೆದೆ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಒಂದ್ನಿಮಿಷ ಮೇಡಂ," ಎಂದಿತು ಆ ದನಿ, ಈಗ ಅಷ್ಟು ದಯೆಯಿಲ್ಲದೆ, "ಬರ್ಕೋತೀನಿ. ನಿಮ್ಮ ಹೆಸರು ಇನ್ನೊಂದ್ಸಲ ಹೇಳಿ."